ಗುಜರಿಯ ಮೋಟಾರು, ಹಳೆಯ ಸೈಕಲ್ಲು ಮತ್ತು ನಡುವಿನ ಲೆಕ್ಕ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಸೈಕಲ್ಲು ಇಂದಿಗೂ ಹೊರೆ ಹೊರುವ ವಾಹನ. ಡೈರಿಗೆ ಹಾಲಿನ ಕ್ಯಾನು, ತೋಟದಿಂದ ಮನೆಗೆ ಹಿಪ್ಪುನೇರಳೆ ಸೊಪ್ಪು, ಅಂಗಡಿಯಿಂದ ಹಿಂಡಿ ಬೂಸಾ ಎಲ್ಲವೂ ಅದರ ಕ್ಯಾರಿಯರಿನ ಮೇಲೆಯೇ ಸಾಗುತ್ತವೆ. ಇಂಥ ಸೈಕಲ್ಲಿಗೆ ಗುಜರಿಯಲ್ಲಿ ಸಿಕ್ಕ ಮೋಟಾರೊಂದನ್ನು ಜೋಡಿಸಿ ಏರಿನಲ್ಲಿ ತುಳಿಯುವ ಶ್ರಮ ತಗ್ಗಿಸಬೇಕೆಂಬ ಆಲೋಚನೆ ಎಷ್ಟೋ ಮಂದಿಗೆ ಬಂದಿರುತ್ತದೆ, ಕೆಲವರು ಕೈಯನ್ನೂ ಹಾಕಿರುತ್ತಾರೆ. ಆ ಪ್ರಯತ್ನಗಳು ಸಾಮಾನ್ಯವಾಗಿ ಕೆಡುವುದು ಎರಡು ರೀತಿಯಲ್ಲಿ: ಮೋಟಾರು ಗಿರ್ರನೆ ತಿರುಗಿದರೂ ಸೈಕಲ್ಲು ಮುಂದಕ್ಕೆ ಹೋಗುವುದಿಲ್ಲ, ಇಲ್ಲವೇ ಸೈಕಲ್ಲು ಹೊರಟರೂ ಸ್ವಲ್ಪ ದೂರದಲ್ಲೇ ಮೋಟಾರಿನ ವೈಂಡಿಂಗ್ (ಒಳಗಿನ ತಾಮ್ರದ ಸುರುಳಿ) ಸುಟ್ಟ ವಾಸನೆ ಬರುತ್ತದೆ. ಎರಡಕ್ಕೂ ಮೂಲ ಒಂದೇ. ಮೊದಲು ಮೋಟಾರನ್ನು ತಂದು ಆಮೇಲೆ ಅದರಿಂದ ಏನು ಮಾಡಿಸಬಹುದೆಂದು ನೋಡಲಾಗಿರುತ್ತದೆ. ಮಾಡಬೇಕಾದದ್ದು ಇದರ ತಿರುವುಮುರುವು. ಎಷ್ಟು ಭಾರವನ್ನು, ಎಷ್ಟು ವೇಗದಲ್ಲಿ, ಎಂಥ ಏರಿನಲ್ಲಿ ಒಯ್ಯಬೇಕೆಂದು ಮೊದಲು ಅಳೆದುಕೊಂಡರೆ ಗುಜರಿ ಅಂಗಡಿಯ ರಾಶಿಯಲ್ಲಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಕಲ್ಪನೆ ಹಳೆಯದೇ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜಪಾನಿನ ಸೋಯಿಚಿರೊ ಹೋಂಡಾ ಸೇನೆಯ ವೈರ್‌ಲೆಸ್ ಸೆಟ್ಟುಗಳಿಗೆ ವಿದ್ಯುತ್ ಒದಗಿಸುತ್ತಿದ್ದ, ಯುದ್ಧಾನಂತರ ಬೇಡವಾಗಿ ಉಳಿದ ಪುಟ್ಟ ಎಂಜಿನ್ನುಗಳನ್ನು ಕೊಂಡು ಸೈಕಲ್ಲುಗಳಿಗೆ ಕೂರಿಸಿ ಮಾರಲಾರಂಭಿಸಿದರು. ಮುಂದೆ ಬೆಳೆದ ದೊಡ್ಡ ಕಂಪನಿಯ ಮೊದಲ ಸರಕು ಒಂದು ಅರ್ಥದಲ್ಲಿ ಗುಜರಿ ಸಾಮಾನಿನದೇ ಆಗಿತ್ತು.

ಎಷ್ಟು ಶಕ್ತಿ ಬೇಕು?

ಉದಾಹರಣೆಗೆ 65 ಕಿಲೋ ತೂಕದ ಸವಾರ, 20 ಕಿಲೋ ತೂಗುವ ಹಳೆಯ ಮಾದರಿಯ ಕಪ್ಪು ಸೈಕಲ್ಲು, ಮೋಟಾರು, ಬ್ಯಾಟರಿ ಮತ್ತು ಕಬ್ಬಿಣದ ಪಟ್ಟಿಗಳಿಗೆ 13 ಕಿಲೋ, ತುಂಬಿದ ಹಾಲಿನ ಕ್ಯಾನಿಗೆ 22 ಕಿಲೋ ಎಂದು ಹಿಡಿದರೆ ಒಟ್ಟು 120 ಕಿಲೋ ಆಗುತ್ತದೆ. ಈ ತೂಕ ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಸಾಗುವಾಗ ಅದನ್ನು ಹಿಡಿದೆಳೆಯುವುದು ಎರಡು ಸಂಗತಿಗಳು. ಟೈರು ನೆಲಕ್ಕೆ ಒತ್ತಿಕೊಂಡು ಉರುಳುವಾಗಿನ ತಡೆ ಸುಮಾರು 12 ನ್ಯೂಟನ್. ಇದು ವೇಗ ಹೆಚ್ಚಿದರೂ ಅಷ್ಟೇನೂ ಬದಲಾಗುವುದಿಲ್ಲ. ಗಾಳಿಯ ತಡೆ ಹಾಗಲ್ಲ, ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಇವೆರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಗಂಟೆಗೆ 20 ಕಿ.ಮೀ. ವೇಗಕ್ಕೆ ಚಕ್ರದ ಬಳಿ ಸುಮಾರು 130 ವ್ಯಾಟ್, 25 ಕಿ.ಮೀ.ಗೆ ಸುಮಾರು 200 ವ್ಯಾಟ್ ಸಾಕು. ಆದರೆ 40 ಕಿ.ಮೀ. ವೇಗ ಬೇಕೆಂದರೆ 600 ವ್ಯಾಟ್ ಮೀರುತ್ತದೆ. ವೇಗ 25ರಿಂದ 40ಕ್ಕೆ ಏರಿದಾಗ ಬೇಕಾಗುವ ಶಕ್ತಿ ಮೂರು ಪಟ್ಟಾಗುವುದರಿಂದ ಮೋಟಾರು, ಬ್ಯಾಟರಿ, ವೈರು, ಬ್ರೇಕು ಎಲ್ಲವೂ ದೊಡ್ಡದಾಗಬೇಕು. ಅಲ್ಲಿಗೆ ಅದು ಸೈಕಲ್ಲಾಗಿ ಉಳಿಯುವುದಿಲ್ಲ.

ಏರಿನ ಲೆಕ್ಕ ಬೇರೆ. ನೂರು ಮೀಟರ್ ಸಾಗುವಷ್ಟರಲ್ಲಿ ಐದು ಮೀಟರ್ ಮೇಲೇರುವ ರಸ್ತೆಯಲ್ಲಿ ನಮ್ಮ 120 ಕಿಲೋ ಭಾರವನ್ನು ಹಿಂದಕ್ಕೆಳೆಯುವ ಬಲ ಇನ್ನೂ 59 ನ್ಯೂಟನ್ ಹೆಚ್ಚುತ್ತದೆ. ಅದನ್ನು 20 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 450 ವ್ಯಾಟ್ ಬೇಕು, 10 ಕಿ.ಮೀ. ವೇಗದಲ್ಲಾದರೆ ಸುಮಾರು 200 ವ್ಯಾಟ್ ಸಾಕು. ಅಂದರೆ 250 ವ್ಯಾಟಿನ, ಅಶ್ವಶಕ್ತಿಯ ಮೂರನೇ ಒಂದು ಭಾಗದಷ್ಟೇ ಇರುವ ಸಣ್ಣ ಮೋಟಾರು ಸಮತಟ್ಟಿನಲ್ಲಿ ಪೂರ್ತಿ ಕೆಲಸ ಮಾಡಬಲ್ಲದು. ಏರಿನಲ್ಲಿ ನಿಧಾನವಾಗಿ ಹೋಗಬೇಕು, ಸವಾರನೂ ತುಳಿಯಬೇಕು. ಪೆಡಲ್ಲನ್ನು ಬಿಚ್ಚಿಹಾಕಿ ಕಾಲಿಡಲು ಕಂಬಿ ಬೆಸೆಯುವವರು ಈ ಸಣ್ಣ ಮೋಟಾರಿಗೆ ಏರಿನಲ್ಲಿ ಇದ್ದ ಒಂದೇ ಆಸರೆಯನ್ನು ಕಳೆದುಹಾಕುತ್ತಾರೆ.

ಈ 250 ವ್ಯಾಟ್ ಎಂಬ ಅಂಕಿಗೆ ಕಾನೂನಿನ ಕಾರಣವೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮೋಟಾರಿನ ಮೂವತ್ತು ನಿಮಿಷದ ಸಾಮರ್ಥ್ಯ (ಅಷ್ಟು ಹೊತ್ತು ಎಡೆಬಿಡದೆ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದರೆ ಬ್ಯಾಟರಿ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಆದರೆ ಅನೇಕರು ಓದದೆ ಬಿಡುವ ಮಾತೊಂದು ಅದೇ ನಿಯಮದಲ್ಲಿದೆ: ಈ ಎರಡೂ ಷರತ್ತುಗಳನ್ನು ಪುಣೆಯ ಎಆರ್‌ಎಐನಂಥ ಅಧಿಕೃತ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿರಬೇಕು. ಮನೆಯಲ್ಲಿ ಕಟ್ಟಿದ ಸೈಕಲ್ಲಿಗೆ ಅಂಥ ಪ್ರಮಾಣಪತ್ರ ಇರುವುದಿಲ್ಲವಾದ್ದರಿಂದ ಮಿತಿಯೊಳಗೇ ಕಟ್ಟಿದರೂ ಸಾರ್ವಜನಿಕ ರಸ್ತೆಯಲ್ಲಿ ವಿನಾಯಿತಿ ತನ್ನಿಂತಾನೇ ಸಿಗುತ್ತದೆಂದು ಹೇಳಲಾಗದು. ತೋಟದ ದಾರಿ, ಸ್ವಂತ ಜಮೀನು, ಶಾಲಾ ಕಾಲೇಜಿನ ಪ್ರಾಜೆಕ್ಟು ಇಷ್ಟಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಹೆದ್ದಾರಿಗಂತೂ ಇಳಿಸಬಾರದು.

ಪೆಟ್ರೋಲಿನ ಮಾತನ್ನು ಇಲ್ಲಿಯೇ ಮುಗಿಸಬಹುದು. ಮೋಟಾರು ವಾಹನ ಕಾಯ್ದೆ, 1988ರ ವ್ಯಾಖ್ಯೆಯಿಂದ ಹೊರಗುಳಿಯುವುದು 25 ಸಿಸಿ ಮೀರದ ಎಂಜಿನ್ನಿನ, ನಾಲ್ಕಕ್ಕಿಂತ ಕಡಿಮೆ ಚಕ್ರದ ವಾಹನ ಮಾತ್ರ. ಹಳೆಯ ಮೊಪೆಡ್ಡಿನ ಎಂಜಿನ್ನು ಇದರ ಎರಡು ಪಟ್ಟು ಇರುತ್ತದೆ; ತೋಟದಲ್ಲಿ ಕಳೆ ಕತ್ತರಿಸುವ ಯಂತ್ರಗಳ ಎಂಜಿನ್ನುಗಳೂ ಹೆಚ್ಚಿನವು 25 ಸಿಸಿ ದಾಟುತ್ತವೆ. ಅದರ ಮೇಲೆ ಕಂಪನ, ಕಾಲಿನ ಪಕ್ಕದಲ್ಲೇ ಕಾಯುವ ಸೈಲೆನ್ಸರು, ಕಂಬಿಗೆ ಕಟ್ಟಿದ ಪೆಟ್ರೋಲ್ ಟ್ಯಾಂಕು. ಮೊಪೆಡ್ಡಿನ ಎಂಜಿನ್ನು ಸುಸ್ಥಿತಿಯಲ್ಲಿದ್ದರೆ ಅದನ್ನು ಮೊಪೆಡ್ಡಿನಲ್ಲಿಯೇ ಇಟ್ಟು ಓಡಿಸುವುದು ಮೇಲು.

ರಾಶಿಯಲ್ಲಿ ಯಾವ ಮೋಟಾರು?

ಗುಜರಿ ಅಂಗಡಿಯಲ್ಲಿ ಮೋಟಾರುಗಳಿಗೆ ಬರವಿಲ್ಲ, ಆದರೆ ನಮ್ಮ ಕೆಲಸಕ್ಕೆ ಬರುವವು ಕಡಿಮೆ. ನೀರಿನ ಪಂಪು, ವಾಷಿಂಗ್ ಮೆಷಿನ್ನು, ರೇಷ್ಮೆ ನೂಲು ಬಿಚ್ಚುವ ಘಟಕದ ಮೋಟಾರುಗಳು ಮನೆಯ 230 ವೋಲ್ಟಿನ ಎಸಿ ವಿದ್ಯುತ್ತಿಗೆ ಮಾಡಿದವು. ಬ್ಯಾಟರಿಯಿಂದ ಅವನ್ನು ಓಡಿಸಲು ನಡುವೆ ಇನ್ವರ್ಟರು ಬೇಕಾಗುತ್ತದೆ, ಭಾರವೂ ವಿಪರೀತ. ಮಿಕ್ಸಿಯ ಮೋಟಾರು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದಾದರೂ ಅದೂ 230 ವೋಲ್ಟಿನದು. ಕಾರಿನ ಸ್ಟಾರ್ಟರ್ ಮೋಟಾರನ್ನು ಕಂಡರೆ ಎಲ್ಲರಿಗೂ ಆಸೆಯಾಗುತ್ತದೆ, ಏಕೆಂದರೆ ಅದು 12 ವೋಲ್ಟಿನದು, ಬಲಶಾಲಿ. ಆದರೆ ಅದನ್ನು ಮಾಡಿರುವುದು ಕೆಲವೇ ಸೆಕೆಂಡು ತಿರುಗುವುದಕ್ಕೆ. ನೂರು ಆಂಪಿಯರಿಗೂ ಮೀರಿ ಎಳೆಯುವ ಅದನ್ನು ಎಡೆಬಿಡದೆ ಓಡಿಸಿದರೆ ಬ್ಯಾಟರಿಯೂ ಉಳಿಯುವುದಿಲ್ಲ, ಅದೂ ಉಳಿಯುವುದಿಲ್ಲ. ವೈಪರ್ ಮೋಟಾರು ನಿಧಾನವಾಗಿ ತಿರುಗುತ್ತದೆಂಬ ಅನುಕೂಲವಿದ್ದರೂ ಅದರ ಶಕ್ತಿ ಕೆಲವು ಹತ್ತು ವ್ಯಾಟು ಮಾತ್ರ.

ಹುಡುಕಬೇಕಾದದ್ದು 24 ವೋಲ್ಟ್, 250 ವ್ಯಾಟ್ ಎಂದು ಬರೆದಿರುವ, ಒಳಗೆ ಶಾಶ್ವತ ಅಯಸ್ಕಾಂತವಿರುವ, ತಿರುಗುವ ಸುರುಳಿಗೆ ಕರೆಂಟನ್ನು ಉಜ್ಜಿ ದಾಟಿಸುವ ಬ್ರಷ್ಷುಗಳುಳ್ಳ ಮೋಟಾರನ್ನು. ಕಾಲಿನಿಂದ ತಳ್ಳುವ ಮಾದರಿಯ ಸಣ್ಣ ವಿದ್ಯುತ್ ಸ್ಕೂಟರುಗಳಲ್ಲಿ ಇಂಥದ್ದು ಇರುತ್ತದೆ. ಇದಕ್ಕೆ ಎರಡೇ ವೈರು. ಹಳೆಯ ಕಡಿಮೆ ವೇಗದ ವಿದ್ಯುತ್ ಸ್ಕೂಟಿಗಳೂ ಗುಜರಿಗೆ ಬರುತ್ತವೆ, ಸತ್ತಿರುವುದು ಸಾಮಾನ್ಯವಾಗಿ ಅವುಗಳ ಬ್ಯಾಟರಿ ಮಾತ್ರ. ಅವುಗಳ ಮೋಟಾರು ಚಕ್ರದೊಳಗೇ ಕೂತಿರುವುದರಿಂದ ಸೈಕಲ್ಲಿನ ದೊಡ್ಡ ರಿಮ್ಮಿಗೆ ಹೊಂದಿಸುವುದು ಕಷ್ಟ, ಆದರೆ ಅವುಗಳ ಥ್ರಾಟಲ್ (ವೇಗ ಹೆಚ್ಚಿಸಲು ತಿರುಗಿಸುವ ಹಿಡಿ) ಮತ್ತು ಸ್ವಿಚ್ಚುಳ್ಳ ಬ್ರೇಕ್ ಹಿಡಿಗಳು ನಮ್ಮ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರನ್ನು ಮಾತ್ರ ಅಲ್ಲಿಂದ ತರಬಾರದು. ಅದು ಮೂರು ದಪ್ಪ ವೈರುಗಳ, ಬ್ರಷ್ ಇಲ್ಲದ ಮೋಟಾರಿಗೆ ಮಾಡಿದ್ದು. ಎರಡು ವೈರಿನ ಮೋಟಾರಿಗೆ ಅದರದೇ ಬಗೆಯ ಕಂಟ್ರೋಲರು ಬೇಕು.

ಮೋಟಾರನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಎರಡು ವೈರುಗಳ ತುದಿಗಳನ್ನು ಬಿಡಿಯಾಗಿಟ್ಟು ಶಾಫ್ಟನ್ನು ಕೈಯಿಂದ ತಿರುಗಿಸಿದರೆ ಸರಾಗವಾಗಿ ತಿರುಗಬೇಕು. ತುದಿಗಳನ್ನು ಒಂದಕ್ಕೊಂದು ತಾಗಿಸಿ ತಿರುಗಿಸಿದರೆ ಯಾರೋ ಒಳಗಿನಿಂದ ಹಿಡಿದಂತೆ ಬಿಗಿಯಾಗಬೇಕು. ಬಿಗಿ ಬರದಿದ್ದರೆ ವೈಂಡಿಂಗ್ ಕಡಿದಿದೆ ಅಥವಾ ಬ್ರಷ್ ಸವೆದಿದೆ. ಹಿಂಬದಿಯ ಮುಚ್ಚಳ ಬಿಚ್ಚಲು ಅಂಗಡಿಯವರು ಒಪ್ಪಿದರೆ ಬ್ರಷ್ಷುಗಳು ಉಜ್ಜುವ ತಾಮ್ರದ ಉರುಳೆಯನ್ನು ನೋಡಬೇಕು. ಅದು ನಯವಾಗಿದ್ದು ತೆಳುಗಂದು ಬಣ್ಣಕ್ಕೆ ತಿರುಗಿದ್ದರೆ ಒಳ್ಳೆಯದು. ಪಟ್ಟಿಗಳ ಅಂಚು ಕರಿಗಟ್ಟಿ, ಉಗುರಿಗೆ ತಗಲುವಷ್ಟು ಗೆರೆ ಬಿದ್ದಿದ್ದರೆ, ಅರಗಿನ ಸುಟ್ಟ ವಾಸನೆ ಹೊಡೆಯುತ್ತಿದ್ದರೆ, ಅಗ್ಗಕ್ಕೆ ಕೊಡುತ್ತೇನೆಂದರೂ ಬಿಟ್ಟುಬರಬೇಕು.

ವೇಗ ಇಳಿಸುವುದೇ ಮುಖ್ಯ ಕೆಲಸ

ಇಂಥ ಮೋಟಾರು ಪೂರ್ಣ ಹೊರೆಯಲ್ಲಿ ನಿಮಿಷಕ್ಕೆ ಸುಮಾರು 2,650 ಸುತ್ತು ತಿರುಗುತ್ತದೆ. ಹಳೆಯ ಮಾದರಿಯ ಸೈಕಲ್ಲಿನ 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಮುಂದೆ ಹೋಗುತ್ತದಾದ್ದರಿಂದ ಗಂಟೆಗೆ 25 ಕಿ.ಮೀ. ವೇಗಕ್ಕೆ ಅದು ನಿಮಿಷಕ್ಕೆ 190 ಸುತ್ತು ತಿರುಗಿದರೆ ಸಾಕು. 2,650ನ್ನು 190ಕ್ಕೆ ಇಳಿಸಬೇಕೆಂದರೆ ಹದಿನಾಲ್ಕು ಪಟ್ಟು ಇಳಿಸಬೇಕು. ಇದನ್ನು ಒಂದೇ ಚೈನಿನಲ್ಲಿ ಮಾಡಲು ಹೊರಟರೆ ಮೋಟಾರಿನ ಬದಿಗೆ ಒಂಬತ್ತು ಹಲ್ಲಿನ ಚಕ್ರ ಹಾಕಿದರೂ ಹಿಂದೆ 126 ಹಲ್ಲಿನದು ಬೇಕಾಗುತ್ತದೆ, ಅದು ಎಲ್ಲಿಯೂ ಸಿಗುವುದಿಲ್ಲ.

ಇಷ್ಟು ಇಳಿಸದೆಯೇ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಹಳೆಯ ಸೈಕಲ್ಲಿನ ಡೈನಮೊ ನೆನೆದರೆ ಸಾಕು. ಅಯಸ್ಕಾಂತದ ನಡುವೆ ತಾಮ್ರದ ಸುರುಳಿ ತಿರುಗಿದಲ್ಲೆಲ್ಲ ವೋಲ್ಟೇಜ್ ಹುಟ್ಟುತ್ತದೆ, ಮೋಟಾರಿನೊಳಗೂ ಅದೇ ನಡೆಯುತ್ತದೆ. ಹಾಗೆ ಹುಟ್ಟಿದ ವೋಲ್ಟೇಜ್ ಬ್ಯಾಟರಿಗೆ ಎದುರಾಗಿ ನಿಂತು ಒಳಬರುವ ಕರೆಂಟನ್ನು ಹಿಡಿತದಲ್ಲಿಡುತ್ತದೆ. ಮೋಟಾರು ವೇಗವಾಗಿ ತಿರುಗುತ್ತಿರುವಷ್ಟು ಹೊತ್ತು ಕರೆಂಟು ಮಿತಿಯಲ್ಲಿರುತ್ತದೆ. ನಿಧಾನವಾದರೆ ಏರುತ್ತದೆ, ನಿಂತೇಬಿಟ್ಟರೆ ತಡೆಯಲು ಸುರುಳಿಯ ಅಲ್ಪ ರೋಧದ ಹೊರತು ಏನೂ ಇರುವುದಿಲ್ಲ. ವೇಗ ಸಾಕಷ್ಟು ಇಳಿಸದ ಜೋಡಣೆಯಲ್ಲಿ ಮೋಟಾರು ಸದಾ ಇಂಥ ಅರೆನಿಂತ ಸ್ಥಿತಿಯಲ್ಲಿಯೇ ಏಗುತ್ತ ಸುಡುತ್ತದೆ. ಹಾಗಾಗಿಯೇ ಹೊರಡುವಾಗ ಎರಡು ಸುತ್ತು ತುಳಿದು, ಸೈಕಲ್ಲು ಚಲಿಸಿದ ಮೇಲೆ ಥ್ರಾಟಲ್ ತಿರುಗಿಸುವ ಅಭ್ಯಾಸ ಒಳ್ಳೆಯದು.

ಹದಿನಾಲ್ಕು ಪಟ್ಟನ್ನು ಎರಡು ಹಂತದಲ್ಲಿ ಇಳಿಸಬಹುದು. ಮೊದಲ ಹಂತ ಬೆಲ್ಟು: ಮೋಟಾರಿನ ಮೇಲೆ ಸಣ್ಣ ಪುಲ್ಲಿ, ನಡುವಿನ ಶಾಫ್ಟಿನ ಮೇಲೆ ಅದರ ಐದು ಪಟ್ಟು ವ್ಯಾಸದ ಪುಲ್ಲಿ. ಎರಡನೇ ಹಂತ ಸೈಕಲ್ ಚೈನು: ನಡುವಿನ ಶಾಫ್ಟಿನಲ್ಲಿ 14 ಹಲ್ಲು, ಹಿಂದಿನ ಚಕ್ರದ ಎಡಬದಿಯಲ್ಲಿ ಹಳೆಯ ಕ್ರ್ಯಾಂಕಿನಿಂದ ಕತ್ತರಿಸಿ ತೆಗೆದ 44 ಹಲ್ಲಿನ ಚಕ್ರ. ಐದನ್ನು 3.14ರಿಂದ ಗುಣಿಸಿದರೆ 15.7, ಪೂರ್ಣ ಹೊರೆಯಲ್ಲಿ ವೇಗ ಗಂಟೆಗೆ 22 ಕಿ.ಮೀ. ಬರುತ್ತದೆ. ಹದಿನಾಲ್ಕರ ಬದಲು 16 ಹಲ್ಲು ಹಾಕಿದರೆ 25 ದಾಟುತ್ತದೆ, ಹೊರೆ ಇಳಿದಾಗ ಮೋಟಾರು ಇನ್ನೂ ವೇಗ ಹಿಡಿಯುವುದರಿಂದ ಮಿತಿ ಮೀರುವುದು ಖಚಿತ. ಹಾಗಾಗಿ 14 ನನ್ನ ಆಯ್ಕೆ.

ನಡುವಿನ ಶಾಫ್ಟಿಗೆ ಲೇತಿನವರ ಬಳಿ ಹೋಗಿ ಬೇರಿಂಗು, ಅದು ಕೂರುವ ಗೂಡು ಎಲ್ಲ ಮಾಡಿಸುವ ಅಗತ್ಯವಿಲ್ಲ. ಗುಜರಿಯ ಸೈಕಲ್ಲೊಂದರ ಹಿಂದಿನ ಚಕ್ರದ ಹಬ್ಬು (ನಡುವಿನ ಗುಂಬ) ಒಂದೇ ಸಾಕು. ಅದರಲ್ಲಿ ಗುಂಡುಗಳಿವೆ, ಅಚ್ಚು ಇದೆ, ಎರಡು ನಟ್ಟುಗಳಿಂದ ಕಬ್ಬಿಣದ ಪಟ್ಟಿಗೆ ಬಿಗಿಯಲು ಬರುತ್ತದೆ, ಬಲಬದಿಯಲ್ಲಿ ಫ್ರೀವೀಲ್ ಕೂರುವ ಮರೆಯೂ (ಥ್ರೆಡ್ಡು) ಇದೆ. ಬಲಕ್ಕೆ ಫ್ರೀವೀಲ್ ಹಾಕಿ ಅದಕ್ಕೆ ದೊಡ್ಡ ಪುಲ್ಲಿಯನ್ನು ಬಿಗಿಯಬೇಕು; ಎಡ ಅಂಚಿಗೆ 14 ಹಲ್ಲಿನ ಚಕ್ರವನ್ನು ಬೆಸೆಯಬೇಕು. ಬೆಸೆಯುವ ಮೊದಲು ಗುಂಡು, ಗ್ರೀಸು ಎಲ್ಲ ತೆಗೆದಿರಬೇಕು. ಫ್ರೀವೀಲನ್ನು ಬಲಬದಿಯಲ್ಲೇ ಇಡಬೇಕೆಂಬುದಕ್ಕೆ ಕಾರಣವಿದೆ. ಅದರೊಳಗಿನ ನಾಲಿಗೆಗಳು ಒಂದು ದಿಕ್ಕಿನಲ್ಲಿ ಮಾತ್ರ ಕಚ್ಚುತ್ತವೆ, ಮರೆಯೂ ಅದೇ ದಿಕ್ಕಿಗೆ ಬಿಗಿಯುತ್ತದೆ. ಅದನ್ನು ಹಾಗೆಯೇ ಎಡಬದಿಗೆ ಕೂರಿಸಿದರೆ ಮೋಟಾರು ಮುಂದಕ್ಕೆ ತಿರುಗಿದಾಗ ಅದು ಕಟಕಟನೆ ಜಾರುತ್ತಿರುತ್ತದೆ. ನಡುವಿನಲ್ಲಿ ಫ್ರೀವೀಲ್ ಇರುವುದರಿಂದ ಬ್ಯಾಟರಿ ಮುಗಿದಾಗಲೂ ಮೋಟಾರನ್ನು ಎಳೆದುಕೊಂಡು ತುಳಿಯುವ ಕಷ್ಟ ಬರುವುದಿಲ್ಲ.

ಹಿಂದಿನ ಚಕ್ರದ 44 ಹಲ್ಲಿನ ಚಕ್ರವನ್ನು ಕಡ್ಡಿಗಳ ಎರಡೂ ಬದಿಗೆ ಹಳೆಯ ಟೈರಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆಗಳನ್ನಿಟ್ಟು, ಒಳಗಿನಿಂದ ಕಬ್ಬಿಣದ ತಗಡುಗಳನ್ನು ಕೊಟ್ಟು ಬೋಲ್ಟುಗಳಿಂದ ಸಮನಾಗಿ ಬಿಗಿಯುವುದು ಪರಿಚಿತ ಕ್ರಮ. ಚಕ್ರ ತಿರುಗಿಸಿದಾಗ ಅದು ಓಲಾಡಬಾರದು. ಎರಡೂ ಹಲ್ಲುಚಕ್ರಗಳು ಒಂದೇ ಗೆರೆಯಲ್ಲಿವೆಯೇ ಎಂದು ದಾರ ಎಳೆದು ನೋಡಬೇಕು, ಸಾಲು ತಪ್ಪಿದ ಚೈನು ಹೊರೆಯಿರುವಾಗಲೇ ಕಳಚುತ್ತದೆ. ಮೋಟಾರಿನ ಪಟ್ಟಿಗಳನ್ನು ಸೈಕಲ್ಲಿನ ಕೊಳವೆಗಳಿಗೆ ಆರ್ಕ್ ವೆಲ್ಡಿಂಗ್ ಮಾಡಬಾರದು. ಹಳೆಯ ಸೈಕಲ್ಲುಗಳ ಮೂಲೆಗಳು ಹಿತ್ತಾಳೆ ಕರಗಿಸಿ ಬೆಸೆದಂಥವು. ಪಕ್ಕದಲ್ಲೇ ವೆಲ್ಡಿಂಗ್ ಮಾಡಿದರೆ ಆ ಕಾವಿಗೆ ಅವು ಸಡಿಲಗೊಳ್ಳುತ್ತವೆ. ಡಿಶ್ ಆಂಟೆನಾಗೆ ಬಳಸುವಂಥ ಯು ಬೋಲ್ಟುಗಳಿಂದ, ನಡುವೆ ಟ್ಯೂಬಿನ ತುಂಡಿಟ್ಟು ಬಿಗಿದರೆ ಸಾಕು.

ಬ್ಯಾಟರಿ ಮತ್ತು ವೈರು

12 ವೋಲ್ಟ್, 12 ಆಂಪಿಯರ್-ಗಂಟೆಯ ಎರಡು ಸೀಸದ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 24 ವೋಲ್ಟ್ ಆಗುತ್ತದೆ, ಕಾಗದದ ಮೇಲೆ 288 ವ್ಯಾಟ್-ಗಂಟೆ. ವೇಗವಾಗಿ ಎಳೆದಾಗ ಸೀಸದ ಬ್ಯಾಟರಿ ಪೂರ್ತಿ ಕೊಡುವುದಿಲ್ಲ, ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಆದ್ದರಿಂದ 150 ವ್ಯಾಟ್-ಗಂಟೆ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಮೋಟಾರು, ಬೆಲ್ಟು, ಚೈನುಗಳಲ್ಲಿ ಮೂರನೇ ಒಂದು ಭಾಗದಷ್ಟು ನಷ್ಟವಾಗುವುದರಿಂದ ಸಮತಟ್ಟಿನಲ್ಲಿ ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಗಂಟೆ ಖರ್ಚು. ಅಂದರೆ 15 ಕಿ.ಮೀ. ದೂರ. ಡೈರಿ 3 ಕಿ.ಮೀ. ದೂರದಲ್ಲಿದ್ದರೆ ಎರಡು ಹೊತ್ತಿಗೆ ಹೋಗಿಬರಲು ಸಾಕು.

ನಂದಿ ಬೆಟ್ಟಕ್ಕೆ? ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ, ಚಿಕ್ಕಬಳ್ಳಾಪುರ ಪಟ್ಟಣ ಸುಮಾರು 900 ಮೀಟರಿನಲ್ಲಿದೆ. ಹಾಲಿನ ಕ್ಯಾನನ್ನು ಇಳಿಸಿ, ಸುಮಾರು 100 ಕಿಲೋ ಭಾರವನ್ನು ಐನೂರೈವತ್ತು ಮೀಟರಿಗೂ ಹೆಚ್ಚು ಎತ್ತಲು ಚಕ್ರದ ಬಳಿಯೇ 150 ವ್ಯಾಟ್-ಗಂಟೆಗೂ ಹೆಚ್ಚು ಬೇಕು. ನಷ್ಟ ಸೇರಿಸಿದರೆ ಬ್ಯಾಟರಿಯಿಂದ 200ಕ್ಕೂ ಹೆಚ್ಚು. ಈ ಸೈಕಲ್ಲು ಸವಾರನನ್ನು ತಿರುವುಗಳ ನಡುವೆ ಎಲ್ಲೋ ಕೈಬಿಡುತ್ತದೆ.

ಯುಪಿಎಸ್‌ನಿಂದ ತೆಗೆದ 7 ಆಂಪಿಯರ್-ಗಂಟೆಯ ಹಳೆಯ ಬ್ಯಾಟರಿಗಳನ್ನು ಪ್ರಯೋಗಕ್ಕೆ ಬಳಸಬಹುದು, ಆದರೆ ಪರೀಕ್ಷಿಸದೆ ಕೊಳ್ಳಬಾರದು. ಪೂರ್ತಿ ಚಾರ್ಜು ಮಾಡಿ, 55 ವ್ಯಾಟಿನ ವಾಹನದ ಹೆಡ್‌ಲೈಟ್ ಬಲ್ಬನ್ನು ಜೋಡಿಸಿ, ಮಲ್ಟಿಮೀಟರು ಹಿಡಿಯಬೇಕು. ಹತ್ತು ನಿಮಿಷದೊಳಗೆ 10.5 ವೋಲ್ಟಿಗಿಂತ ಕೆಳಗಿಳಿದರೆ ಅದರಲ್ಲಿ ಜೀವವಿಲ್ಲ. ಹಳೆಯ ಲ್ಯಾಪ್‌ಟಾಪುಗಳ ಲಿಥಿಯಂ ಸೆಲ್ಲುಗಳನ್ನು ಬಿಚ್ಚಿ ಪ್ಯಾಕು ಕಟ್ಟುವುದು ಸುಲಭವೆಂದು ಹೇಳುವವರಿದ್ದಾರೆ. ಒಂದೊಂದು ಸೆಲ್ಲಿನ ಉಳಿದ ಸಾಮರ್ಥ್ಯವನ್ನು ಅಳೆದು, ಸರಿಸಮ ಇರುವವನ್ನಷ್ಟೇ ಆರಿಸಿ, ಸ್ಪಾಟ್ ವೆಲ್ಡಿಂಗ್ ಮಾಡಿ, ಸೆಲ್ಲುಗಳ ಚಾರ್ಜನ್ನು ಕಾಯುವ ಬಿಎಂಎಸ್ ಸರ್ಕ್ಯೂಟನ್ನು ಅಳವಡಿಸುವ ಅನುಭವ ಇಲ್ಲದವರು ಅದಕ್ಕೆ ಕೈಹಾಕಬಾರದು. ಹದ ತಪ್ಪಿ ಚಾರ್ಜಾದ ಲಿಥಿಯಂ ಸೆಲ್ಲಿಗೆ ಹತ್ತಿದ ಬೆಂಕಿಯನ್ನು ಆರಿಸುವುದು ಬಹಳ ಕಷ್ಟ.

ಮೋಟಾರು ಪೂರ್ಣ ಹೊರೆಯಲ್ಲಿ 13 ಆಂಪಿಯರ್ ಸುಮಾರು ಎಳೆಯುತ್ತದೆ, ಹೊರಡುವಾಗ ಇನ್ನೂ ಹೆಚ್ಚು. ಹಾಗಾಗಿ ವೈರು 4 ಚದರ ಮಿಲಿಮೀಟರಿನದಿರಲಿ, 30 ಆಂಪಿಯರಿನ ಫ್ಯೂಸು ಬ್ಯಾಟರಿಯ ಪ್ಲಸ್ ತುದಿಗೆ ಅಂಟಿಕೊಂಡಂತೆ ಇರಲಿ. ಮನೆಯ ಗೋಡೆಯ ಸ್ವಿಚ್ಚನ್ನು ಇಲ್ಲಿಗೆ ತರಬಾರದು. ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಶೂನ್ಯಕ್ಕಿಳಿಯುವುದರಿಂದ ಕಿಡಿ ತಾನೇ ಆರುತ್ತದೆ; ಡಿಸಿಯಲ್ಲಿ ಕಿಡಿ ಎಳೆದುಕೊಂಡೇ ಇದ್ದು ಸ್ವಿಚ್ಚಿನ ತುದಿಗಳನ್ನು ಬೆಸೆದುಬಿಡುತ್ತದೆ, ಆರಿಸಬೇಕಾದ ಹೊತ್ತಿಗೆ ಮೋಟಾರು ಆರುವುದಿಲ್ಲ. ಬ್ಯಾಟರಿಗಳ ಜಾಗ ಫ್ರೇಮಿನ ತ್ರಿಕೋನದೊಳಗೆ. ಕ್ಯಾರಿಯರಿನ ಮೇಲಿಟ್ಟು ಅದರ ಮೇಲೆ ಕ್ಯಾನು ಹೇರಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲುಗತೊಡಗುತ್ತದೆ.

ನಿಲ್ಲಿಸುವುದು

ಹಳೆಯ ಸೈಕಲ್ಲಿನ ಕಂಬಿ ಬ್ರೇಕು ರಬ್ಬರ್ ಗುಂಡನ್ನು ಉಕ್ಕಿನ ರಿಮ್ಮಿಗೆ ಒತ್ತುತ್ತದೆ. ರಿಮ್ಮು ನೆನೆದರೆ ಅದರ ಹಿಡಿತ ಬಹಳಷ್ಟು ಹೋಗುತ್ತದೆ. ತುಳಿಯುವಾಗಿನ 15 ಕಿ.ಮೀ. ವೇಗಕ್ಕೆ ಹೋಲಿಸಿದರೆ 25 ಕಿ.ಮೀ. ವೇಗದಲ್ಲಿ ಅದೇ ಭಾರದ ಸೈಕಲ್ಲನ್ನು ನಿಲ್ಲಿಸಲು ಬ್ರೇಕು ಎರಡೂಮುಕ್ಕಾಲು ಪಟ್ಟು ಶಕ್ತಿಯನ್ನು ಕಾವಾಗಿ ಹೀರಬೇಕು. ಆದ್ದರಿಂದ ಎರಡೂ ಚಕ್ರಗಳಿಗೆ ಹೊಸ ಗುಂಡು ಹಾಕಿಸುವುದು, ಓಲಾಡುವ ರಿಮ್ಮನ್ನು ಕಡ್ಡಿ ಬಿಗಿದು ನೇರ ಮಾಡಿಸುವುದು, ಸಾಧ್ಯವಾದರೆ ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕಿನ ಹಬ್ಬನ್ನು ಕಟ್ಟಿಸುವುದು ಮೋಟಾರು ಕೂರಿಸುವುದಕ್ಕೂ ಮೊದಲಿನ ಕೆಲಸ. ಗುಜರಿಯಿಂದ ತಂದ ಬ್ರೇಕ್ ಹಿಡಿಯ ಸ್ವಿಚ್ಚನ್ನು ಕಂಟ್ರೋಲರಿಗೆ ಜೋಡಿಸಿದರೆ ಹಿಡಿ ಒತ್ತಿದ ಕೂಡಲೇ ಮೋಟಾರಿಗೆ ಹೋಗುವ ಕರೆಂಟು ನಿಲ್ಲುತ್ತದೆ. ಥ್ರಾಟಲ್ ಅಂಟಿಕೊಂಡ ಹೊತ್ತಿನಲ್ಲಿ ಇದೇ ರಕ್ಷಣೆ. ಬ್ರೇಕ್ ಗುಂಡಿನ ವಿಷಯದಲ್ಲಿ ಮಾತ್ರ ಗುಜರಿ ಬೇಡ, ಹೊಸದೇ ಬೇಕು.

ಮೊದಲ ಪರೀಕ್ಷೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲದಿಂದ ಮೇಲಿರುವಾಗಲೇ ನಡೆಯಲಿ. ಚಕ್ರ ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ, ಬ್ರೇಕ್ ಹಿಡಿದಾಗ ಮೋಟಾರು ಆರುತ್ತಿದೆಯೇ, ಚೈನು ಯಾವ ಹಲ್ಲಿನ ಬಳಿಯಾದರೂ ಏರಿ ಇಳಿಯುತ್ತಿದೆಯೇ ಎಂದು ನೋಡಿದ ಮೇಲೆ ಕ್ಯಾನಿಲ್ಲದೆ, ಜನಸಂಚಾರವಿಲ್ಲದ ಸಮತಟ್ಟಾದ ದಾರಿಯಲ್ಲಿ ಒಂದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಮೋಟಾರಿನ ಮೈಯನ್ನೂ ವೈರಿನ ಪ್ರತಿ ಜೋಡಣೆಯನ್ನೂ ಮುಟ್ಟಿ ನೋಡಬೇಕು. ಮೋಟಾರಿನ ಮೇಲೆ ಕೈಯನ್ನು ಐದು ಸೆಕೆಂಡು ಇಡಲಾಗದಷ್ಟು ಕಾವಿದ್ದರೆ ವೇಗವನ್ನು ಇನ್ನೂ ಇಳಿಸಬೇಕು, ಅಂದರೆ ನಡುವಿನ ಶಾಫ್ಟಿನಲ್ಲಿ ಇನ್ನೂ ಕಡಿಮೆ ಹಲ್ಲು. ಮೋಟಾರು ತಣ್ಣಗಿದ್ದು ಯಾವುದಾದರೂ ಒಂದು ಜೋಡಣೆ ಮಾತ್ರ ಬಿಸಿಯಾಗಿದ್ದರೆ ಅಲ್ಲಿ ವೈರಿನ ತುದಿಯ ಲಗ್ ಸಡಿಲವಾಗಿದೆ. ಅದನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿಯಬೇಕು. ಹೊಸದಾಗಿ ಬಿಗಿದ ಬೋಲ್ಟುಗಳು ಮೊದಲ ಕೆಲವು ದಿನ ಸಡಿಲಾಗುತ್ತವೆ, ಕಡ್ಡಿಗಳಿಗೆ ಬಿಗಿದ ಹಲ್ಲುಚಕ್ರದವು ಎಲ್ಲಕ್ಕಿಂತ ಬೇಗ; ಅವು ಒಂದೆಡೆ ಕೂತುಕೊಳ್ಳುವವರೆಗೆ ಸ್ಪ್ಯಾನರು ಜೊತೆಯಲ್ಲಿರಲಿ.